ಲೊಚಗುಟ್ಟಿದ ಪೆಟ್ಟಿಗೆ

ನಾನು ನಿಂತದ್ದು ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೂ ಅಡುಗೆಮನೆಯ ಬಾಗಿಲಿಗೂ ನಡುವಿನ ಕಂಬದ ಪಕ್ಕ. ಎಂಬತ್ತರ ದಶಕದ ಮೊದಲ ವರ್ಷಗಳು, ಯುಗಾದಿ ಕಳೆದ ಮೇಲಿನ ಒಂದು ಸಂಜೆ, ಆಗಷ್ಟೇ ದೀಪ ಹಚ್ಚಿದ್ದರು. ಅಲ್ಲಿಂದ ನನಗೆ ಎಲ್ಲರ ಮುಖವೂ ಕಾಣುತ್ತಿತ್ತು, ತಮ್ಮನದೊಂದನ್ನು ಬಿಟ್ಟು. ಅವನು ಪೆಟ್ಟಿಗೆಯ ಕಡೆ ಮುಖ ಮಾಡಿ ಕುಳಿತಿದ್ದ.

ಗುಳೇದಗುಡ್ಡದಿಂದ ಖಣ ನೇಯುವ ಮನೆತನದವರು ನಮ್ಮ ಮನೆ ನೋಡಲು ಬಂದಿದ್ದರು: ಹುಡುಗಿಯ ಅಪ್ಪ, ಅವರ ತಾಯಿ, ಜೊತೆಗೆ ಹುಡುಗಿ. ಹುಡುಗಿಯನ್ನು ಕರೆತರುವ ರೂಢಿ ಇರಲಿಲ್ಲ. ಆದರೆ ಮುದುಕಿ, ಬಾಳೇ ಮಾಡಾಕಿ ಅಕಿ, ಮನಿ ನೋಡಾವ್ರು ನಾವಂದ್ರ ಹೆಂಗ ಎಂದು ಹಟ ಹಿಡಿದು ಬಸ್ಸು ಹತ್ತಿಸಿದಳಂತೆ. ಇದು ಆಮೇಲೆ ಕೇಳಿದ್ದು.

ತಮ್ಮನಿಗೆ ರೇಡಿಯೊ ರಿಪೇರಿ ಅಂಗಡಿ ಇತ್ತು. ಈ ಸಂಬಂಧಕ್ಕೂ ಮುಂಚೆ ಎರಡು ತಪ್ಪಿದ್ದವು. ಬಾದಾಮಿಯವರು, ಹುಡುಗ ತಂತಿ ಬಿಟ್ಟು ಬೇರೆ ಮಾತಾಡುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಆಗ ಅವನು ತಲೆ ಕೆಡಿಸಿಕೊಂಡಿರಲಿಲ್ಲ. ಈ ಹುಡುಗಿಯನ್ನು ನೋಡಿ ಬಂದ ಮೇಲೆ ಮಾತ್ರ, ಅವರು ಯಾವಾಗ ಬರುತ್ತಾರೆ ಎಂದು ಅವ್ವನನ್ನು ದಿನಾ ಕೇಳುತ್ತಿದ್ದ.

ಪೆಟ್ಟಿಗೆಯ ವಿಷಯ ಇಲ್ಲೇ ಹೇಳಬೇಕು. ನೇಕಾರರ ಮನೆಯಲ್ಲಿ ನೂಲಿನ ಧೂಳು ಹೊಗದ ಜಾಗವಿಲ್ಲ. ತಮ್ಮ ಟೇಪಿಗೆ ಜೋಡಿಸಿದ್ದ ಆಂಪ್ಲಿಫೈಯರಿನ ಧ್ವನಿ ಏರಿಸಿ ಇಳಿಸುವ ಗುಂಡಿಯೊಳಗೂ ಅದು ಸೇರಿ, ತಿರುಗಿಸಿದಾಗಲೆಲ್ಲ ಸ್ಪೀಕರು ಕರಕರ ಅನ್ನುತ್ತಿತ್ತು. ತಮ್ಮ ಗುಂಡಿಯನ್ನೇ ಕಿತ್ತು ಹಾಕಿದ. ಬಾಗಲಕೋಟೆಯ ಗುಜರಿ ಅಂಗಡಿಯಿಂದ ಹಳೆಯ ರಿಲೇಗಳನ್ನು ಆರಿಸಿ ತಂದ. ರಿಲೇ ಅಂದರೆ ಕರೆಂಟು ಬಂದಾಗ ತಾನೇ ಮುಚ್ಚಿಕೊಳ್ಳುವ ಪುಟ್ಟ ಸ್ವಿಚ್ಚು. ಒಂದೊಂದು ರಿಲೇ ಎಳೆದುಕೊಂಡಾಗಲೂ ಧ್ವನಿ ಒಂದಿಷ್ಟು ತಗ್ಗಬೇಕು, ಹಾಗೆ ಹೊಂದಿಸಿದ. ತಗ್ಗಿಸುವುದೇ ಕೆಲಸ, ಕೆಲಸ ಮಾಡುವಾಗ ಮಾತ್ರ ಕರೆಂಟು ತಿನ್ನಲಿ ಎಂಬುದು ಅವನ ಲೆಕ್ಕ. ಎಳೆದಾಗ ಟಕ್ ಎನ್ನುವ ಸದ್ದು ಅವ್ವನಿಗೆ ಹಿಡಿಸದ ಕಾರಣ, ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ಹಾಳು ನೂಲು ತುರುಕಿದ. ಆಗ ಅದು ಲೊಚ್ ಅನ್ನತೊಡಗಿತು.

ಬೀಗರಾಗಬೇಕಾದವರು ಚಹಾ ಕುಡಿಯುತ್ತ, ಒಂದು ವಚನ ಹಚ್ಚಿರಿ ಕೇಳೋಣ ಎಂದರು. ತಮ್ಮ ಟೇಪು ಹಚ್ಚಿದ. ಅವ್ವ ಪೆಟ್ಟಿಗೆಯ ಆಚೆಯ ಬಾಗಿಲಲ್ಲಿ ನಿಂತು, ಸಣ್ಣಗೆ ಮಾಡು ಎಂದು ಕೈಸನ್ನೆ ಮಾಡಿದಳು, ತಮ್ಮ ಒಂದು ಸ್ವಿಚ್ಚು ಒತ್ತಿದ. ಅದೇ ಗಳಿಗೆಗೆ ಹುಡುಗಿಯ ಅಪ್ಪ, ಹುಡುಗನಿಗೆ ಚಟ ಇಲ್ಲ ಎಂದು ಕೇಳಿದ್ದೇವೆ ಎಂದರು.

ಲೊಚ್.

ಅವರು ತಲೆಯೆತ್ತಿ ಜಂತಿ ನೋಡಿದರು. ಬೆರಳ ಗೆಣ್ಣಿನಿಂದ ನೆಲ ಕುಟ್ಟಿ, "ಹಲ್ಲಿ ಖರೆ ಅಂತು ನೋಡ್ರಿ," ಎಂದರು.

ಅಲ್ಲ ಎಂದು ಯಾರೂ ಹೇಳಲಿಲ್ಲ. ಅವ್ವನಿಗೆ ಧ್ವನಿ ಇನ್ನೂ ದೊಡ್ಡದು ಅನ್ನಿಸಿತು, ಮತ್ತೆ ಸನ್ನೆ ಮಾಡಿದಳು. ಅಂಗಡಿ ಚಲೋ ನಡೆಯುತ್ತಿದೆಯಂತೆ ಎಂದರು ಅವರು. ಲೊಚ್. ಮತ್ತೆ ನೆಲ ಕುಟ್ಟಿದರು. ನಿಮ್ಮ ಮನೆಯಲ್ಲಿ ಸೊಸೆಯಂದಿರಿಗೆ ಗದರುವವರಿಲ್ಲವಂತೆ ಎಂದಾಗಲೂ ಲೊಚ್. ಈ ಸಲ ಮುದುಕಿಯೂ ಕುಟ್ಟಿದಳು. ಬೆವರು ತಮ್ಮನ ಬೆನ್ನ ಮೇಲೆ ಅಂಗಿಯನ್ನು ಅಂಟಿಸುತ್ತಿತ್ತು. ಅದನ್ನು ನಾನೇ ಕಂಡೆ.

"ಇಷ್ಟು ಸಾಕ್ಷಿ ಹೇಳೂ ಹಲ್ಲಿ ನಮ್ಮ ಊರಾಗ ಇಲ್ರಿ," ಎಂದು ಅವರು ಎಲೆಡಿಕೆ ತಟ್ಟೆಗೆ ಕೈ ಹಾಕಿದರು.

ಅಷ್ಟರಲ್ಲಿ ಓಣಿಯ ಪವರ್‌ಲೂಮುಗಳು ಒಮ್ಮೆಲೇ ಶುರುವಾದವು. ಬಲ್ಬು ಆರಲಿಲ್ಲ, ಕೆಂಡದಷ್ಟು ಕೆಂಪಾಯಿತು. ಇದ್ದಷ್ಟು ಕರೆಂಟಿನಲ್ಲಿ ಆಂಪ್ಲಿಫೈಯರು ತಾಳಿಕೊಂಡಿತು. ರಿಲೇಗಳು ತಾಳಲಿಲ್ಲ. ತಗ್ಗಿಸಿ ಹಿಡಿದಿದ್ದವೆಲ್ಲ ಒಟ್ಟಿಗೆ ಕೈಬಿಟ್ಟವು. ಟೇಪು ಸೆಲ್ಲಿನ ಮೇಲೆ ಓಡುತ್ತಲೇ ಇತ್ತು. ಮೆಲ್ಲಗಿದ್ದ ವಚನ ಮೈಮೇಲೆ ಬಿದ್ದಂತೆ ಗುಡುಗಿತು. ದೇವರ ಗೂಡಿನಲ್ಲಿದ್ದ ಗಂಟೆ ತಾನೇ ಅಲುಗಿತು. ಮುದುಕಿ ಕೊರಳ ಇಷ್ಟಲಿಂಗವನ್ನು ಮುಷ್ಟಿಯಲ್ಲಿ ಹಿಡಿದಳು. ಹುಡುಗಿಯ ಅಪ್ಪ ಕುಣಿಯೊಳಗೆ ಇಳಿದಿದ್ದರು. ಇಳಿದರೋ ಬಿದ್ದರೋ ಎಂಬುದನ್ನು ನಾನು ಖಚಿತವಾಗಿ ಹೇಳಲಾರೆ. ಆ ಗಳಿಗೆ ನನ್ನ ಕಣ್ಣು ಮುಚ್ಚಿತ್ತು.

ತಮ್ಮ ತಂತಿ ಕಿತ್ತ. ಸದ್ದಡಗಿತು. ಏನಾಯಿತೆಂದು ಅವರು ಕೇಳಿದರು. ಅವನಿಗೆ ಸುಳ್ಳು ಬರುತ್ತಿರಲಿಲ್ಲ, ರಿಲೇಗಳ ಕತೆಯನ್ನೆಲ್ಲ ಬಿಡಿಸಿ ಹೇಳಿದ. ಕುಣಿಯಲ್ಲಿ ನಿಂತೇ ಕೇಳಿದ ಅವರ ಮುಖ ನಿಧಾನವಾಗಿ ಬದಲಾಯಿತು.

"ಅಂದ್ರ ಖರೆ ಖರೆ ಅಂದದ್ದು ಹಲ್ಲಿ ಅಲ್ಲ?"

"ಅಲ್ರಿ."

"ನಿನ್ನ ಗುಣಾ ನಿನ್ನ ಡಬ್ಬೀನ ಹೇಳ್ತು."

ಅವರು ಮೇಲೆ ಹತ್ತಿ ಧೋತರ ಝಾಡಿಸಿ, ಹೊರಡೋಣ ನಡೀರಿ ಎಂದರು. ಮುದುಕಿ ಎದ್ದಳು. ಹುಡುಗಿ ಏಳಲಿಲ್ಲ. ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

"ಕರೆಂಟ್ ಹೋದ್ರ ಒದರ್ತದ. ಹೋದಾಗ ಸುಮ್ನಾಗೂ ಹಂಗ ಮಾಡಾಕ ಬರೂದಿಲ್ಲೇನ್ರಿ?" ಎಂದು ತಮ್ಮನನ್ನೇ ಕೇಳಿದಳು.

ತಮ್ಮ ಆಗ ತಿರುಗಿದ. ಅವನ ಮುಖ ನಾನು ಕಂಡದ್ದು ಆಗಲೇ. "ಬರ್ತದ್ರಿ. ವಾಯರು ಉಲ್ಟಾ ಕೊಡಬೇಕು. ಮೊದಲ ಹಂಗ ಮಾಡಬೇಕಿತ್ತು."

"ಮತ್ತ ಮಾಡ್ರಿ. ನಾವು ಕುಂಡರ್ತೇವಿ."

ಅಪ್ಪ ಏನೋ ಹೇಳಹೋದರು. ಮುದುಕಿ ಮೊಮ್ಮಗಳ ಪಕ್ಕ ಮತ್ತೆ ಕುಳಿತಳು. "ಕುಂದರಪಾ. ಅಂವಾ ಹಲ್ಲಿ ಮಾತು ಅಂತ ಹೇಳಿದ್ರ ನಾವು ನಂಬತಿದ್ವಿ. ಹೇಳಲಿಲ್ಲ," ಎಂದಳು. ಅವ್ವ ಎರಡನೇ ಸಲ ಚಹಾಕ್ಕೆ ಇಟ್ಟಳು. ತಮ್ಮ ಒಲೆಯಲ್ಲಿ ಕಾಸಿದ ಬೆಸುಗೆಯ ಕಾವಿ ಹಿಡಿದು ಬಗ್ಗಿದ, ಹುಡುಗಿ ಬ್ಯಾಟರಿ ಹಿಡಿದು ಬೆಳಕು ತೋರಿಸಿದಳು. ಕೆಲಸ ಮುಗಿಯುವ ಮೊದಲೇ ಅವಳಪ್ಪ ಎಲೆಡಿಕೆ ಹಾಕಿಕೊಂಡರು.

ಅವತ್ತು ಅಲ್ಲಿದ್ದವರಲ್ಲಿ ಅವ್ವ, ಮುದುಕಿ, ಹುಡುಗಿಯ ಅಪ್ಪ ಈಗಿಲ್ಲ. ಕಂಡವರು ಉಳಿದಿರುವುದು ನಾನು, ಇಳಕಲ್ಲಿನಲ್ಲೇ ಇರುವ ನನ್ನ ತಮ್ಮ, ಅವನ ಹೆಂಡತಿ. ನನ್ನ ಮಾತಿನಲ್ಲಿ ಅನುಮಾನ ಬಂದವರು ಅವಳನ್ನು ಕೇಳಬಹುದು. ಅವಳಪ್ಪ ಬಿದ್ದದ್ದಲ್ಲ, ಹಾರಿದ್ದು ಎಂದು ಅವಳು ಹೇಳುತ್ತಾಳೆ.