ಗಾಳಿಯ ಜರಡಿಗೆ ಒಂದು ಡ್ರಮ್ಮು ನೀರು

ಮೊನ್ನೆ ನಲ್ಲಿ ಸೋರುತ್ತದೆಂದು ಪ್ಲಂಬರ್ ಬಂದಿದ್ದ. ಅವನು ತಿರುಪಿಗೆ ತೆಳ್ಳನೆಯ ಬಿಳಿ ಟೇಪು ಸುತ್ತುವುದನ್ನು ನೋಡುತ್ತ ನಿಂತಿದ್ದ ನನಗೆ ಇದ್ದಕ್ಕಿದ್ದಂತೆ ಮುಖ ಬಿಸಿಯಾಯಿತು. ನಗಬೇಡಿ. ಒಂದು ಕಾಲಕ್ಕೆ ನಾನೂ ದಿನವಿಡೀ ಇದೇ ಟೇಪು ಸುತ್ತುತ್ತಿದ್ದೆ. ಮನೆಯವರು ಅದನ್ನು ಸಂಶೋಧನೆ ಎನ್ನುತ್ತಿದ್ದರು.

ಆಗ ಬೀದರಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಗಾಳಿಗೆ ಜರಡಿ ಮಾಡುತ್ತಿದ್ದೆ. ಬೆರಳುದ್ದದ ಪಿಂಗಾಣಿ ನಳಿಗೆಗೆ ಜಿಯೋಲೈಟ್ ಎಂಬ ಬಿಳಿ ಪುಡಿಯನ್ನು ವಿಭೂತಿಯಂತೆ ಹಚ್ಚಿ, ತುದಿಗಳಿಗೆ ಟೇಪು ಸುತ್ತಿ, ಉಕ್ಕಿನ ಡಬ್ಬಿಯಲ್ಲಿ ರಸಾಯನದೊಂದಿಗೆ ಮುಚ್ಚಿ ಬೇಯಿಸುವುದು. ನಳಿಗೆಯ ಮೇಲೆ ಹರಳಿನ ಪೊರೆ ಬೆಳೆಯುತ್ತದೆ. ಪೊರೆ ಸರಿಯಾಗಿ ಕೂತರೆ ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅದರ ರಂಧ್ರಗಳಲ್ಲಿ ನುಸುಳಿ ಬೇರೆಯಾಗುತ್ತದೆ. ನನ್ನದು ಕೂರುತ್ತಿರಲಿಲ್ಲ, ಆ ಮಾತು ಬೇರೆ.

ಪಕ್ಕದ ಮನೆಯ ಕಸ್ತೂರಬಾಯಿ ಔರಾದ ಕಡೆಯ ಚಿಂತಾಕಿಯವರು. ದಿನವೂ ಏನು ಮಾಡುತ್ತೀರೆಂದು ಒಮ್ಮೆ ಕೇಳಿದಾಗ, "ಆಕಾಶ ಕಾಯಿಸೋ ಗಾಳಿ ಸೋಸ್ತೇನಿ ಅಕ್ಕ" ಎಂದು ಜಂಬದಿಂದ ಹೇಳಿದ್ದೆ. ಸರ ಆಕಾಶ ತಣ್ಣಗೆ ಮಾಡಿ ಮಳೆ ತರಿಸುತ್ತಾರೆಂದು ಅವರು ಓಣಿಗೆಲ್ಲ ಹೇಳಿಕೊಂಡು ಬಂದರು. ನನಗೂ ಹಿತವೆನಿಸಿತ್ತು.

ಆ ವರ್ಷ ಮಳೆಯಾಗಲಿಲ್ಲ. ಅರ್ಧ ಓಣಿ ಬೀಗ ಹಾಕಿಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಯಿತು. ಕಾಲೇಜಿಗೆ ಬರುವ ಟ್ಯಾಂಕರೂ ನಿಂತಿತು. ನನ್ನ ನಳಿಗೆಯೊಂದು ಆಗಷ್ಟೇ ಬೆಂದು ಹೊರಬಂದಿತ್ತು. ತೊಳೆಯಲು ಭಟ್ಟಿ ಇಳಿಸಿದ ನೀರು ಬೇಕು, ಭಟ್ಟಿಗೆ ನೀರೇ ಇಲ್ಲ. ಅದೇ ದಿನ ಕಸ್ತೂರಬಾಯಿ ಗಂಟುಮೂಟೆ ಕಟ್ಟಿಕೊಂಡು ಬಾಗಿಲಿಗೆ ಬಂದರು.

"ಸರ, ಡ್ರಮ್ಮು ತುಂಬ್ಯದರಿ. ನಾವು ಹೊಂಟೀವಿ. ಒಯ್ರಿ, ನಿಮ್ಮ ಜರಡಿಗಿ ಆಗ್ತದ. ಮಳಿಯರ ಬರಲಿ."

"ಇದರಿಂದ ಮಳಿ ಬರೂದಿಲ್ಲ ಅಕ್ಕ."

"ಈಗ ಬ್ಯಾಡ್ರಿ. ಮುಂದ ಬರ್ತದಲ್ಲ?"

ಕೈಗಾಡಿಯಲ್ಲಿ ಡ್ರಮ್ಮು ಒಯ್ದೆ. ಭಟ್ಟಿಯ ಆವಿಯನ್ನು ತಣಿಸಲು ನೀರು ಹರಿಯುತ್ತಲೇ ಇರಬೇಕು. ನಳಿಗೆಗೆ ಸಿಕ್ಕಿದ್ದು ಒಂದು ತಂಬಿಗೆ, ಉಳಿದದ್ದೆಲ್ಲ ಮೋರಿಗೆ ಹೋಯಿತು. ತೊಳೆದ ನಳಿಗೆಯನ್ನು ನಿಧಾನವಾಗಿ ಕಾಯಿಸಿ, ಗಾಳಿ ಬಿಟ್ಟು ನೋಡಿದರೆ ಎಲ್ಲ ಗಾಳಿಯೂ ಒಟ್ಟಿಗೇ ಆಚೆ ಬಂತು. ಪೊರೆ ಬಿರುಕು ಬಿಟ್ಟಿತ್ತು.

ಕಸ್ತೂರಬಾಯಿ ಈಗ ಭಾಲ್ಕಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಹಬ್ಬಕ್ಕೆ ಫೋನ್ ಮಾಡುತ್ತಾರೆ, ಮಳೆ ಚೆನ್ನಾದ ವರ್ಷ ನನ್ನನ್ನು ಹೊಗಳುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ಮೊನ್ನೆ ಪ್ಲಂಬರ್ ಹೋದ ಮೇಲೆ ನಾನೇ ಫೋನ್ ಮಾಡಿದೆ.

"ಅಕ್ಕ, ಆ ಜರಡಿ ಆಗಲೇ ಇಲ್ರಿ. ಒಡದಿತ್ತು. ನಿಮ್ಮ ನೀರು ಮೋರಿಗಿ ಹೋತು."

ಅವರು ಆ ದಿನದ ಮಾತು ತೆಗೆದರು.

"ಅವತ್ತು ನಮ್ಮ ಎಮ್ಮಿ ಸಾಯಗಾಂವ ಊರಿಗಿ ತಮ್ಮನ ಮನಿಗಿ ನಡಸ್ಕೋತ ಕಳಿಸಿದ್ವಿರಿ ಸರ. ಗೊತ್ತಿದ್ರ ಅದಕ್ಕ ಹೊಟ್ಟಿತುಂಬ ಕುಡಿಸಿ ಕಳಿಸ್ತಿದ್ದೆ."

ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಫೋನು ಕಿವಿಗೆ ಹಿಡಿದುಕೊಂಡೇ ನಾನು ತಲೆ ತಗ್ಗಿಸಿದೆ.