ಇನ್ನೂ ಹುಟ್ಟದವಳಿಗೆ ರಕ್ತ

ಬಸ್ ಡ್ರೈವರನ ಹೆಂಡತಿಗೆ ಆರು ತಿಂಗಳು ತುಂಬಿತ್ತು. ಅವಳ ರಕ್ತವೇ ಹೊಟ್ಟೆಯೊಳಗಿನ ಮಗುವಿನ ರಕ್ತವನ್ನು ಹಾಳುಮಾಡುತ್ತಿದೆ, ಮಗುವಿಗೆ ಈಗಲೇ ರಕ್ತ ಕೊಡಬೇಕು ಎಂದರು ಡಾಕ್ಟರಮ್ಮ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ.

"ಹುಟ್ಟೇ ಇಲ್ವಲ್ಲ ಮೇಡಂ, ಹೇಗೆ ಕೊಡ್ತೀರಾ?"

"ಸ್ಕ್ಯಾನ್‌ನಲ್ಲಿ ನೋಡ್ಕೊಂಡು ಹೊಕ್ಕುಳಬಳ್ಳಿಗೆ ಸೂಜಿ ಹಾಕ್ತೀವಪ್ಪ."

"ನಾನೇನು ಮಾಡ್ದೆ ಮಗೂಗೆ?" ಎಂದು ಹೆಂಡತಿ ಅತ್ತಳು.

"ನೀನಲ್ಲ ಕಣೇ, ನಿನ್ನ ರಕ್ತ," ಎಂದುಬಿಟ್ಟು, ತಾನು ಹೇಳಿದ್ದು ಸಮಾಧಾನವೋ ದೂರೋ ತಿಳಿಯದೆ ಪೆಚ್ಚಾದ.

ಅಂದೇ ಮಗುವಿಗೆ ಮೊದಲ ಸಲ ರಕ್ತ ಕೊಟ್ಟರು, ಆಮೇಲೆ ಮತ್ತೂ ಕೆಲವು ಸಲ ಹಾಗೇ ಕೊಟ್ಟರು. ಕೊನೆಗೆ ಮಗಳು ಹುಟ್ಟಿ ಊರೆಲ್ಲ ಕೇಳುವಂತೆ ಅತ್ತಳು. ಅವನು ತನ್ನ ತಾಯಿಗೆ ಫೋನಿನಲ್ಲಿ ಎಲ್ಲ ವಿವರಿಸಿದ.

"ಹುಟ್ಟೋಕೆ ಮುಂಚೇನೇ ರಕ್ತ ಕೊಟ್ರಾ? ನಿಂಗೇನು ತಲೆ ಕೆಟ್ಟಿದ್ಯಾ?"

"ಗೊತ್ತಿಲ್ಲಮ್ಮ. ನೀನೇ ಕೇಳು," ಎಂದು ಫೋನನ್ನು ಅಳುತ್ತಿದ್ದ ಮಗಳ ಬಳಿ ಹಿಡಿದ.