ಆರನೇ ಚಿತ್ರದ ಖಾಲಿ ಸ್ಟೂಲು

ಸತ್ತವರು ಬಂದು ಉಂಡು ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ, ಹಾಗಾದರೆ ಎಲೆಯಲ್ಲಿ ಬಡಿಸಿದ್ದು ಕಡಿಮೆಯಾಗಬೇಕಿತ್ತಲ್ಲ ಎಂದು ವಾದಕ್ಕೆ ನಿಲ್ಲುತ್ತಿದ್ದವನು ನಾನು. ನಮ್ಮ ತುಳುನಾಡಿನಲ್ಲಿ ಮಳೆಗಾಲದ ಆಟಿ ತಿಂಗಳು ಬಂತೆಂದರೆ ತೀರಿಕೊಂಡವರಿಗೆ ಅವರಿಷ್ಟದ್ದನ್ನು ಬಡಿಸಿ, ಬಾಗಿಲು ಹಾಕಿ, ಮನೆಯವರೆಲ್ಲ ಹೊರಗೆ ನಿಲ್ಲುವ ಕ್ರಮವಿದೆ. ಮತ್ತೆ ಒಳಗೆ ಹೋಗುವಾಗ ಬಾಗಿಲು ತಟ್ಟಿಯೇ ಹೋಗಬೇಕು. ಉಣ್ಣುತ್ತಿರುವವರು ಗಾಬರಿಯಾಗಿ ಎದ್ದು ಹೋಗಬಾರದಲ್ಲ. ಚಿಕ್ಕಂದಿನಲ್ಲಿ ಹಾಗೆ ಹೊರಗೆ ನಿಂತಾಗ ನನಗೆ ನಗು ಬರುತ್ತಿತ್ತು, ಒಳಗಿನ ಕೋಳಿಸಾರಿನ ವಾಸನೆಗೆ ಹಸಿವೂ ಆಗುತ್ತಿತ್ತು. ನಂಬಿಕೆಯಂತೂ ಇರಲಿಲ್ಲ.

ಮಸ್ಕತ್ತಿನ ವಾದಿ ಕಬೀರ್‌ನಲ್ಲಿ, ಗ್ಯಾರೇಜುಗಳ ಸಾಲಿನ ಕೊನೆಗೆ, ಚಿತ್ರಗಳಿಗೆ ಫ್ರೇಮ್ ಹಾಕುವ ನನ್ನದೊಂದು ಅಂಗಡಿಯಿದೆ. ನನ್ನ ಹೆಂಡತಿ ವಸಂತಿಯೂ ಅಲ್ಲೇ ಕೆಲಸ ಮಾಡುತ್ತಿದ್ದಳು. ಚಿತ್ರದ ಸುತ್ತ ಕೂರಿಸುವ ರಟ್ಟು ಕತ್ತರಿಸುವುದರಲ್ಲಿ ಅವಳು ಗಟ್ಟಿಗಿತ್ತಿ. ಮೇಜಿನ ತುದಿಯ ಸ್ಟೂಲು ಅವಳದು. ಗುರುತು ಹಾಕುವ ಕೆಂಪು ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು, ಆಮೇಲೆ ಅದನ್ನೇ ಅಂಗಡಿಯೆಲ್ಲ ಹುಡುಕುತ್ತಿದ್ದಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಯಿತು ಎಂದು ನಾನು ತಮಾಷೆ ಮಾಡುತ್ತಿದ್ದೆ.

ಅವಳು ಕಾಯಿಲೆ ಬಿದ್ದು ಇಲ್ಲಿನ ಆಸ್ಪತ್ರೆಯಲ್ಲೇ ತೀರಿಹೋದಳು. ಕೊನೆಯ ದಿನಗಳಲ್ಲಿ ಬಾಯಿಗೆ ಏನನ್ನೂ ಕೊಡುವಂತಿರಲಿಲ್ಲ. ಅವಳು ಕೇಳಿದ್ದು ಒಂದೇ, ಶುಂಠಿ ಹಾಕಿದ ಒಂದು ಗ್ಲಾಸ್ ಚಹಾ. ಅದನ್ನು ಕುಡಿಯದೆಯೇ ಹೋದಳು. ಆಮೇಲೆ ಬಹಳ ಕಾಲ ಚಹಾದ ವಾಸನೆ ಬಂದರೂ ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ.

ಇಂಥವನ ಪಾಲಿಗೆ ಬಂದ ಕೆಲಸ ನೋಡಿ. ಖುರುಮ್‌ನ ಒಂದು ಹೋಟೆಲಿನವರು ತಮ್ಮ ಚಹಾ ಕೋಣೆಗೆಂದು ಆರು ಹಳೆಯ ಚಿತ್ರಗಳನ್ನು ಫ್ರೇಮಿಗೆ ತಂದುಕೊಟ್ಟರು. ಹಿಂದಿನ ಕಾಲದಲ್ಲಿ ಚೀನಾದಲ್ಲಿ ಚಹಾ ಮಾಡುತ್ತಿದ್ದ ಬಗೆಯನ್ನು ಅಚ್ಚು ಹಾಕಿ, ಕೈಯಲ್ಲಿ ಬಣ್ಣ ತುಂಬಿದ ಚಿತ್ರಗಳು. ಎಲೆ ಕೊಯ್ಯುವುದು, ಬಿದಿರಿನ ತಟ್ಟೆಯಲ್ಲಿ ಬಾಡಿಸುವುದು, ಕಬ್ಬಿಣದ ಬಾಣಲೆಯಲ್ಲಿ ಹುರಿಯುವುದು, ಅಂಗೈಯಲ್ಲಿ ಹೊಸೆಯುವುದು, ಪೆಟ್ಟಿಗೆಗೆ ತುಂಬಿ ಕಾಲಿನಿಂದ ತುಳಿಯುವುದು. ಕಾಲಲ್ಲಿ ತುಳಿದದ್ದನ್ನಾ ನಾವು ಕುಡಿಯುವುದು ಎಂದು ವಸಂತಿ ಖಂಡಿತ ನಗುತ್ತಿದ್ದಳು. ಆರನೆಯದರಲ್ಲಿ ಹೆಂಗಸರು ಉದ್ದ ಮೇಜಿನ ಸುತ್ತ ಕುಳಿತು, ಎಲೆಯೊಳಗಿನ ಕಡ್ಡಿ ಹೆಕ್ಕುತ್ತಿದ್ದರು. ಒಬ್ಬಳದೂ ಮುಖ ಮೇಲೆತ್ತಿರಲಿಲ್ಲ. ಮೇಜಿನ ತುದಿಯ ಒಂದು ಸ್ಟೂಲು ಖಾಲಿ ಇತ್ತು.

ಆ ಖಾಲಿ ಸ್ಟೂಲು ನನ್ನನ್ನು ಹಿಡಿದುಬಿಟ್ಟಿತು. ಆ ವಾರವೆಲ್ಲ ಮಧ್ಯಾಹ್ನದ ಊಟಕ್ಕೆ ಅದರೆದುರೇ ಕೂರುತ್ತಿದ್ದೆ. ಮಾತನಾಡಲು ಬೇರೆ ಯಾರಿದ್ದರು?

ಶುಕ್ರವಾರ ಅಂಗಡಿಗೆ ರಜೆ. ಮನೆಯಲ್ಲಿ ಒಬ್ಬನೇ ಕೂರಲಾಗದೆ ಕೆಲಸಕ್ಕೆ ಬಂದಿದ್ದೆ. ಊರಿನಿಂದ ಅಣ್ಣನ ಫೋನ್ ಬಂತು. ಆಟಿಯ ಕ್ರಮ, ಅವತ್ತು ವಸಂತಿಗೆ ಬಡಿಸುವವರಿದ್ದರಂತೆ. ನಾನು ಹೂಂ ಹೂಂ ಎನ್ನುತ್ತಿದ್ದೆ. ಆಗ ಅಣ್ಣ, "ಅವಳು ಹೋದದ್ದು ಅಲ್ಲಿ ಅಲ್ವಾ ಮಾರಾಯ? ನೀನೂ ಒಂದು ಗ್ಲಾಸ್ ಚಾ ಆದ್ರೂ ಇಡು. ನಂಬುದು ಬೇಡ, ಇಡು. ಆದ್ರೆ ತಟ್ಟದೆ ಒಳಗೆ ಹೋಗ್ಬೇಡ ಆಯ್ತಾ," ಎಂದ.

ನಂಬಿ ಅಲ್ಲ, ಅವಳು ಕೇಳಿದ್ದು ನೆನಪಾಗಿ ಇಟ್ಟೆ. ಶುಂಠಿ ಜಜ್ಜಿ, ಹಾಲು ಹಾಕಿ ಕುದಿಸಿ, ಅವಳ ಜಾಗದಲ್ಲಿ ಗ್ಲಾಸ್ ಇಟ್ಟು, ಬಾಗಿಲೆಳೆದುಕೊಂಡು ಹೊರಗೆ ನಿಂತೆ. ಒಮಾನಿನ ಆ ಬಿಸಿಲನ್ನು ಕಂಡವರೇ ಬಲ್ಲರು. ಗ್ಯಾರೇಜುಗಳೆಲ್ಲ ಮುಚ್ಚಿದ್ದವು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗೋಡೆಗೆ ಒರಗಿದರೆ ಬೆನ್ನು ಸುಡುತ್ತಿತ್ತು. ಅಷ್ಟರಲ್ಲಿ ಒಳಗೆ ಮರೆತಿದ್ದ ಫೋನ್ ಹೊಡೆದುಕೊಳ್ಳತೊಡಗಿತು. ದಿನವೂ ನನ್ನ ಅಂಗಡಿಗೆ ನಾನು ಹೇಗೆ ನುಗ್ಗುತ್ತೇನೋ ಹಾಗೆಯೇ ನುಗ್ಗಿದೆ.

ಎದುರಿನ ಗೋಡೆಗೆ ಆರನೇ ಚಿತ್ರವನ್ನು ಒರಗಿಸಿಟ್ಟಿದ್ದೆ. ತುದಿಯ ಸ್ಟೂಲಿನಲ್ಲಿ ಒಬ್ಬಳು ಕುಳಿತಿದ್ದಳು. ಉಳಿದವರೆಲ್ಲ ತಲೆ ತಗ್ಗಿಸಿಯೇ ಇದ್ದರು. ಇವಳೊಬ್ಬಳು ಬಾಗಿಲ ಕಡೆ, ನನ್ನ ಕಡೆ ತಿರುಗಿದ್ದಳು, ಉಣ್ಣುತ್ತಿರುವಾಗ ಯಾರೋ ಒಳಗೆ ಬಂದರೆ ನಾವು ತಿರುಗುತ್ತೇವಲ್ಲ, ಹಾಗೆ. ತುರುಬಿನಲ್ಲೊಂದು ಕೆಂಪು ಗೀಟು. ಮುಖ ಬೆರಳ ತುದಿಯಷ್ಟೇ ದೊಡ್ಡದು. ನನಗೆ ಗುರುತು ಹಿಡಿಯಲು ಅಷ್ಟು ಸಾಕಿತ್ತು.

ಎರಡು ಹೆಜ್ಜೆ ಮುಂದಿಟ್ಟೆ. ಸ್ಟೂಲು ಖಾಲಿ ಇತ್ತು.

ಹೊರಗಿನ ಬಿಸಿಲಿನಿಂದ ಕಣ್ಣು ಮಂಜಾಗಿತ್ತು ಎನ್ನಬಹುದು. ನಾನೂ ಅದನ್ನೇ ಹೇಳಿಕೊಂಡೆ. ಗಾಜಿನಲ್ಲಿ ಏನೋ ಪ್ರತಿಬಿಂಬಿಸಿರಬೇಕು ಎಂದುಕೊಂಡು ಕೈ ಚಾಚಿದರೆ ಬೆರಳಿಗೆ ಕಾಗದ ತಾಗಿತು. ಅದಕ್ಕೆ ನಾನಿನ್ನೂ ಗಾಜು ಕೂರಿಸಿಯೇ ಇರಲಿಲ್ಲ. ಮೇಜಿನ ಮೇಲಿನ ಚಹಾ ಮಾತ್ರ ಇಟ್ಟ ಹಾಗೆಯೇ ಇತ್ತು. ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು, ಒಂದು ಸುಕ್ಕೂ ಇಲ್ಲದೆ.

ಫೋನ್ ಮಾಡಿದ್ದು ಅಣ್ಣನೇ. ಕಂಡದ್ದನ್ನು ಹೇಳಿದೆ. ಅವನು ಮೆಲ್ಲಗೆ, "ತಟ್ಟಿದ್ಯಾ ನೀನು?" ಎಂದು ಕೇಳಿದ.

ಸಂಜೆ ಮತ್ತೆ ಚಹಾ ಮಾಡಿ ಇಟ್ಟು, ಬಹಳ ಹೊತ್ತು ಕಾದು, ಚೆನ್ನಾಗಿ ತಟ್ಟಿಯೇ ಒಳಗೆ ಹೋದೆ. ಏನೂ ಕಾಣಲಿಲ್ಲ. ಕೆಲಸ ಮುಗಿದು ಚಿತ್ರಗಳು ಖುರುಮ್‌ಗೆ ಹೋದವು. ಒಮ್ಮೆ ಅಲ್ಲಿಗೂ ಹೋಗಿ, ಆರನೆಯದರ ಕೆಳಗೆ ಕುಳಿತು ಎರಡು ಚಹಾ ಹೇಳಿದೆ. ಇನ್ನೊಬ್ಬರು ಬರಲಿದ್ದಾರಾ ಎಂದು ಬಡಿಸುವವನು ಹಿಂದಿಯಲ್ಲಿ ಕೇಳಿದ. ನಾನು ಎದುರಿನ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದಿಟ್ಟೆ.

ಅವತ್ತು ಕಂಡದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸತ್ತವರು ಬರುತ್ತಾರೆ ಎಂದು ಈಗಲೂ ನಾನು ಯಾರೊಡನೆಯೂ ವಾದಿಸುವುದಿಲ್ಲ, ಬರುವುದಿಲ್ಲ ಎಂದೂ ವಾದಿಸುವುದಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುವಾಗ, ಸಂಜೆ ಮನೆಗೆ ಬಂದಾಗ, ಬೀಗ ಹಾಕಿದ ಬಾಗಿಲನ್ನು ಮೊದಲು ಎರಡು ಸಲ ತಟ್ಟುತ್ತೇನೆ. ಪಕ್ಕದ ಮನೆಯವರು ನೋಡಿ ನಕ್ಕದ್ದೂ ಉಂಟು. ತಟ್ಟಿ, ಒಂದು ಗ್ಲಾಸ್ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಹೊರಗೇ ನಿಂತಿದ್ದು, ಆಮೇಲೆ ಬೀಗ ತೆಗೆಯುತ್ತೇನೆ.